ಹಪ್ಪಳದ ಪ್ಯಾಕೆಟ್ಟಿಗೆ ಲೋಗೊ ಮಾಡಿಸಬೇಕು: ಕನ್ನಡ ದೊಡ್ಡದಿರಲೋ, ಮಲಯಾಳವೋ?

ಪೆರ್ಲದಾಕೆ
ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಾವೊಂದಷ್ಟು ಹೆಂಗಸರು ಸೇರಿ ಹಲಸಿನ ಹಪ್ಪಳ, ಮಾಂಬಳ, ಪುನರ್ಪುಳಿ ಶರಬತ್ತು ಮಾಡಿ ಮಾರುತ್ತೇವೆ. ಇಷ್ಟು ದಿನ ತೊಟ್ಟೆಗೆ ತುಂಬಿಸಿ, ಜೆರಾಕ್ಸ್ ಮಾಡಿದ ಒಂದು ಚೀಟಿ ಒಳಗೆ ಹಾಕಿ ಕೊಡುತ್ತಿದ್ದೆವು. ಊರಿನವರಿಗೆ ಅದು ಸಾಕಿತ್ತು. ಈಗ ಮಂಗಳೂರಿನ ಒಂದು ಅಂಗಡಿ, ಕಾಞಂಗಾಡಿನ ಒಂದು ಅಂಗಡಿ ಮಾಲು ಕೇಳಿವೆ. ಸರಿಯಾದ ಲೇಬಲ್ ಬೇಕು, ನೋಡಿದ ಕೂಡಲೇ ಗೊತ್ತಾಗುವ ಗುರುತು ಬೇಕು ಅಂತ ಇಬ್ಬರೂ ಹೇಳಿದ್ದಾರೆ.

ಅದೇ ಕಟ್ಟಡದಲ್ಲಿ ಆದಿತ್ಯವಾರ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಹೇಳಿಕೊಡುತ್ತೇವೆ. ಒಂದು ಚಿಕ್ಕ ಪುಸ್ತಕದ ಕೋಣೆಯೂ ಇದೆ. ಹಪ್ಪಳದಲ್ಲಿ ಉಳಿದ ದುಡ್ಡಿನಿಂದಲೇ ಅವೆರಡೂ ನಡೆಯುವುದು. ಹಾಗಾಗಿ ಎಲ್ಲದಕ್ಕೂ ಒಂದೇ ಹೆಸರು, ಒಂದೇ ಲೋಗೊ ಇರಲಿ ಎಂದು ನನ್ನ ಆಸೆ.

ಜಗಳ ಶುರುವಾಗಿರುವುದು ಲಿಪಿಯ ವಿಷಯದಲ್ಲಿ. ಅರ್ಧ ಜನ ಕನ್ನಡವೇ ದೊಡ್ಡದಿರಬೇಕು ಅನ್ನುತ್ತಾರೆ. ಇನ್ನರ್ಧ ಜನ, ಮಾಲು ಹೋಗಬೇಕಾದರೆ ಮಲಯಾಳ ಬೇಕು ಅನ್ನುತ್ತಾರೆ. ಚಿತ್ರದಲ್ಲೂ ಒಮ್ಮತ ಇಲ್ಲ. ಕೆಲವರಿಗೆ ಯಕ್ಷಗಾನದ ಕಿರೀಟ ಬೇಕು, ಕೆಲವರಿಗೆ ದೈವದ ಮುಖ, ಕೆಲವರಿಗೆ ಹಲಸಿನ ಹಣ್ಣು. ದರ ಕೇಳಿದರೆ ಒಬ್ಬರು ಐನೂರು ರೂಪಾಯಿ ಹೇಳುತ್ತಾರೆ, ಇನ್ನೊಬ್ಬರು ನಲವತ್ತು ಸಾವಿರ. ಇಷ್ಟು ಅಂತರ ಯಾಕೆ? ಈ ಕೆಲಸ ಮಾಡಿದವರು, ಮಾಡಿಸಿದವರು ದಯವಿಟ್ಟು ಹೇಳಿ.

ಗಡಿನಾಡಿಗ
ಇದರಲ್ಲಿ ಕೇಳುವುದಕ್ಕೇನಿದೆ? ಕನ್ನಡವೇ ದೊಡ್ಡದಿರಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ನಮ್ಮ ಕೈಯಲ್ಲಿಲ್ಲದ ಬೋರ್ಡುಗಳು ಎಷ್ಟೋ ಇವೆ. ಪ್ಯಾಕೆಟ್ ನಮ್ಮದೇ ಅಲ್ವಾ? ಅಲ್ಲೂ ನಾವೇ ಹಿಂದೆ ಸರಿದರೆ ಹೇಗೆ?

ಹೊಸದುರ್ಗ ಪೇಟೆ
ನಾನು ಅಂಗಡಿ ಇಟ್ಟಿರುವವನು. ಗಿರಾಕಿ ಶೆಲ್ಫಿನ ಮುಂದೆ ನಿಂತು ಜಾಸ್ತಿ ಹೊತ್ತು ಯೋಚಿಸುವುದಿಲ್ಲ. ಒಳಗೆ ಏನಿದೆ ಎಂದು ಓದಲಿಕ್ಕೆ ಬಾರದಿದ್ದರೆ ಪಕ್ಕದ ಪ್ಯಾಕೆಟ್ ಎತ್ತುತ್ತಾರೆ. ಕನ್ನಡ ಬೇಡ ಎನ್ನುವುದಿಲ್ಲ, ನನ್ನ ಮನೆಮಾತೂ ಕನ್ನಡವೇ. ಆದರೆ ಚಂದ್ರಗಿರಿ ಹೊಳೆ ದಾಟಿದ ಮೇಲೆ ಮಲಯಾಳ ಇಲ್ಲದ ಹಪ್ಪಳವನ್ನು ನಾನೇ ಕೈಯಲ್ಲಿ ಹಿಡಿದು ಪರಿಚಯ ಮಾಡಿಕೊಡಬೇಕಾಗುತ್ತದೆ.

ಗಡಿನಾಡಿಗ
ಪರಿಚಯ ಮಾಡಿಕೊಡಿ ಮತ್ತೆ. ಅಂಗಡಿಯವರ ಕೆಲಸ ಅದೇ ಅಲ್ವಾ?

ಹೊಸದುರ್ಗ ಪೇಟೆ
ನಾನು ಮಾಡುತ್ತೇನೆ. ನಾನಿಲ್ಲದಾಗ ಕೌಂಟರಿನಲ್ಲಿ ಕೂತ ಹುಡುಗ ಮಾಡುವುದಿಲ್ಲ. ಲೇಬಲ್ ಇರುವುದೇ ಆ ಹೊತ್ತಿಗೆ.

ಲೇಬಲ್ ಅಕ್ಕ
ನಾನು ಸಣ್ಣ ಆಹಾರ ಘಟಕಗಳ ಕಾಗದಪತ್ರ ಮಾಡಿಕೊಡುತ್ತೇನೆ. ಜಗಳಕ್ಕೆ ಮೊದಲು ಒಂದು ವಿಷಯ ತಿಳಿದಿರಲಿ. ಕಡ್ಡಾಯ ಮಾಹಿತಿ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮವೂ ಅದನ್ನೇ ಹೇಳುತ್ತದೆ, 2011ರ ಪೊಟ್ಟಣದ ಸರಕುಗಳ ನಿಯಮವೂ ಅದನ್ನೇ ಹೇಳುತ್ತದೆ. ಕನ್ನಡ, ಮಲಯಾಳ ಎರಡನ್ನೂ ಜೊತೆಗೆ ಎಷ್ಟು ಬೇಕಾದರೂ ಸೇರಿಸಬಹುದು. ಒಂದರಲ್ಲಿ ಹೇಳಿದ್ದಕ್ಕೆ ಇನ್ನೊಂದು ವಿರುದ್ಧವಾಗಿರಬಾರದು, ಅಷ್ಟೇ.

ಅಂದರೆ ಹೇಗೂ ಮೂರು ಲಿಪಿ ಬಂದೇ ಬರುತ್ತದೆ. ಯಾವುದು ಬೇಕು ಎಂಬ ಪ್ರಶ್ನೆ ಅಲ್ಲ ಇದು, ಯಾವುದನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆ. ಪದಾರ್ಥಗಳ ಪಟ್ಟಿ, ತೂಕ, ಬೆಲೆ, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ತಯಾರಕರ ವಿಳಾಸ, ದೂರಿಗೆ ಫೋನ್ ನಂಬರ್, 14 ಅಂಕಿಯ ಪರವಾನಗಿ ಸಂಖ್ಯೆ, ಹಸಿರು ಚೌಕದೊಳಗೆ ಹಸಿರು ಬೊಟ್ಟು. ಇಷ್ಟಕ್ಕೂ ಮೊದಲೇ ಜಾಗ ಬಿಡಲು ಡಿಸೈನರಿಗೆ ಹೇಳಿ. ಎಷ್ಟೋ ಜನ ಚಂದದ ಲೋಗೊ ಮಾಡಿಸಿ ತರುತ್ತಾರೆ, ಇವನ್ನೆಲ್ಲ ತುರುಕಿಸುವಾಗ ಆ ಚಂದ ಹಾಳಾಗುತ್ತದೆ.

ಪೆರ್ಲದಾಕೆ
ಇದು ಯಾರೂ ಹೇಳಿರಲಿಲ್ಲ ಅಕ್ಕ. ಬರೆದುಕೊಂಡೆ.

ಅಕ್ಷರ ಪ್ರೀತಿ
ಅಕ್ಷರ ವಿನ್ಯಾಸ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಕಡೆ ಆಗುವುದು ಹೀಗೆ. ಮೊದಲು ಇಂಗ್ಲಿಷಿನಲ್ಲಿ ಲೋಗೊ ಮಾಡುತ್ತಾರೆ. ಅದು ಒಪ್ಪಿಗೆ ಆದ ಮೇಲೆ, ಕಂಪ್ಯೂಟರಿನಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದನ್ನು ಎಳೆದು ಹಿಗ್ಗಿಸಿ ಕೆಳಗೆ ಕೂರಿಸುತ್ತಾರೆ. ಕನ್ನಡ ಆಗ ಬಾಡಿಗೆಗೆ ಬಂದ ಹಾಗೆ ಕಾಣುತ್ತದೆ. ಗಾತ್ರ ಎಷ್ಟು ದೊಡ್ಡದು ಮಾಡಿದರೂ ಅಷ್ಟೇ. ಗಡಿನಾಡಿಗರೇ, ನಿಮ್ಮ ಸಿಟ್ಟು ನ್ಯಾಯವೇ. ಆದರೆ ನನ್ನ ಪ್ರಕಾರ ಗಾತ್ರಕ್ಕಿಂತ ಮುಖ್ಯ ಯಾವ ಅಕ್ಷರದಿಂದ ಕೆಲಸ ಶುರುವಾಯಿತು ಎಂಬುದು. ಕನ್ನಡದ ಅಕ್ಷರವನ್ನೇ ಮೊದಲು ಬರೆಯಿರಿ. ಅದರ ದಪ್ಪ, ಅದರ ತಿರುವು ನೋಡಿ ಮಲಯಾಳ ಬರೆಯಿರಿ, ಆಮೇಲೆ ಇಂಗ್ಲಿಷ್. ಕನ್ನಡ ಮಲಯಾಳ ಎರಡೂ ದುಂಡಗಿನ ಲಿಪಿಗಳು, ಚೆನ್ನಾಗಿ ಹೊಂದಿಕೊಳ್ಳುತ್ತವೆ.

ತೊಂದರೆ ಬರುವುದು ಜಾಗದಲ್ಲಿ. ಮಲಯಾಳ ಅಗಲಕ್ಕೆ ಹರಡುತ್ತದೆ. ಕನ್ನಡ ಒತ್ತಕ್ಷರದಿಂದಾಗಿ ಕೆಳಕ್ಕೆ ಇಳಿಯುತ್ತದೆ. ‘ಹಪ್ಪಳ’ ಎಂದು ಬರೆದು ಅದರ ಕೆಳಗೆ ಇನ್ನೊಂದು ಸಾಲು ಹತ್ತಿರ ಇಟ್ಟರೆ ಪ ಒತ್ತು ಹೋಗಿ ಕೆಳಗಿನ ಸಾಲಿಗೆ ತಾಗುತ್ತದೆ. ಹಾಗಾಗಿ ಕನ್ನಡ ಮೇಲೆ, ಮಲಯಾಳ ಕೆಳಗೆ ಬರುವುದಾದರೆ ನಡುವೆ ಧಾರಾಳ ಜಾಗ ಬಿಡಬೇಕು.

ಫಾಂಟಿಗೆ ದುಡ್ಡು ಇಲ್ಲದಿದ್ದರೆ ಚಿಂತೆ ಬೇಡ. ಅನೇಕ್ ಎಂಬ ಕುಟುಂಬ 2022ರಲ್ಲಿ ಬಂತು. ಲ್ಯಾಟಿನ್ ಸೇರಿ 10 ಲಿಪಿಗಳಲ್ಲಿದೆ, ಕನ್ನಡ ಮಲಯಾಳ ಎರಡೂ ಅದರಲ್ಲಿವೆ. ದಪ್ಪ, ಅಗಲ ಬೇಕಾದ ಹಾಗೆ ಬದಲಾಯಿಸಬಹುದು. ಬಲೂ ಕುಟುಂಬದಲ್ಲಿ ಕನ್ನಡಕ್ಕೆ ತಮ್ಮ, ಮಲಯಾಳಕ್ಕೆ ಚೇಟ್ಟನ್ ಎಂದಿದೆ. ತಿಂಡಿಯ ಪ್ಯಾಕೆಟ್ಟಿಗೆ ಒಪ್ಪುವ ದಪ್ಪ ದುಂಡಗಿನ ಅಕ್ಷರ ಅದು. ಮಲಯಾಳಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರ ಮಂಜರಿ ಬಹಳ ಚಂದ. ಇವೆಲ್ಲ ಮುಕ್ತ ಪರವಾನಗಿಯಲ್ಲಿವೆ, ವ್ಯಾಪಾರಕ್ಕೂ ಧೈರ್ಯವಾಗಿ ಬಳಸಬಹುದು.

ಪ್ರೆಸ್ಸಿನವ
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಅದು ಮುದ್ರಣಕ್ಕೆ ಬಂದಾಗ ಏನಾಗುತ್ತದೆ ಎಂದು ನಾನು ಹೇಳುತ್ತೇನೆ. ಬದಿಯಡ್ಕ, ಕುಂಬಳೆ, ಕಾಸರಗೋಡು ಕಡೆಯ ಸಣ್ಣ ಪ್ರೆಸ್ಸುಗಳಲ್ಲಿ ಈಗಲೂ ಕೋರಲ್ ಡ್ರಾದಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳ ಕೆಲಸವೇ ಜಾಸ್ತಿ. ಯೂನಿಕೋಡ್ ಫೈಲು ತಂದು ತೆರೆದರೆ ಒತ್ತಕ್ಷರ ಬಿಟ್ಟುಹೋಗುತ್ತದೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಫೋಟೊಶಾಪಿನಲ್ಲೂ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕದಿದ್ದರೆ ಅದೇ ಕಥೆ. ಕನ್ನಡ ಓದಲು ಬಾರದ ಹುಡುಗ ಆಪರೇಟರ್ ಆಗಿದ್ದರೆ ಅವನಿಗೆ ತಪ್ಪು ಕಾಣುವುದೇ ಇಲ್ಲ. ಸಾವಿರ ಸ್ಟಿಕ್ಕರ್ ಅಚ್ಚಾದ ಮೇಲೆ ನೋಡಿ ಬೇಸರ ಪಟ್ಟವರನ್ನು ಕಂಡಿದ್ದೇನೆ.

ಪರಿಹಾರ ಸುಲಭ. ಲೋಗೊದ ಅಕ್ಷರಗಳನ್ನು ಕರ್ವ್ ಮಾಡಿಸಿ ಕೊಡಲು ಡಿಸೈನರಿಗೆ ಹೇಳಿ. ಆಗ ಅದು ಫಾಂಟ್ ಅಲ್ಲ, ಆಕಾರ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಹಾಗೇ ಇರುತ್ತದೆ. ಪಿಡಿಎಫ್, ಎಸ್‌ವಿಜಿ, ಸಿಡಿಆರ್ ಮೂರೂ ನಿಮ್ಮ ಕೈಗೆ ಬರಬೇಕು. ವಾಟ್ಸಪ್ಪಿನಲ್ಲಿ ಬಂದ ಜೆಪೆಗ್ ಲೋಗೊ ಅಲ್ಲ, ಅದು ಲೋಗೊದ ಫೋಟೊ. ಬೋರ್ಡಿನಷ್ಟು ದೊಡ್ಡದು ಮಾಡಿದರೆ ಒಡೆದುಹೋಗುತ್ತದೆ. ಬಣ್ಣವೂ ಹಾಗೇ. ಮೊಬೈಲಿನಲ್ಲಿ ಹೊಳೆಯುವ ಹಸಿರು ಸಿಎಂವೈಕೆ ಎಂಬ ನಾಲ್ಕು ಶಾಯಿಯ ಮುದ್ರಣದಲ್ಲಿ ಮಂಕಾಗುತ್ತದೆ.

ಇನ್ನೊಂದು. ಒಂದೇ ಬಣ್ಣದಲ್ಲಿ, ಬರೇ ಕಪ್ಪಿನಲ್ಲಿ ಚಂದ ಕಾಣದ ಲೋಗೊ ತೆಗೆದುಕೊಳ್ಳಲೇಬೇಡಿ.

ಮಂಜೇಶ್ವರ ಮಳೆ
ಕರ್ವ್ ಮಾಡುವ ಮೊದಲು ತಿದ್ದಬಹುದಾದ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ. ಆಮೇಲೆ ಒಂದು ಕಾಗುಣಿತ ತಿದ್ದಬೇಕಾದರೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಮುಟ್ಟಾಳೆ
ಚಿತ್ರದ ವಿಷಯಕ್ಕೆ ಬರೋಣ. ದೈವದ ಮುಖ ಬೇಡವೇ ಬೇಡ. ದಯವಿಟ್ಟು. ನಾವು ಕೈ ಮುಗಿಯುವ ಮುಖ ಅದು. ಹಪ್ಪಳ ತಿಂದ ಮೇಲೆ ಆ ಪ್ಯಾಕೆಟ್ ಎಲ್ಲಿಗೆ ಹೋಗುತ್ತದೆ? ಕಸದ ಬುಟ್ಟಿಗೆ, ಚರಂಡಿಗೆ. ಅದನ್ನು ಮೆಟ್ಟಿ ನಡೆಯುತ್ತಾರೆ. ಭೂತಕೋಲ ಕಟ್ಟುವ ಮನೆತನದವರು ನಮ್ಮ ಊರಲ್ಲೇ ಇದ್ದಾರೆ, ಅವರನ್ನು ಒಂದು ಮಾತು ಕೇಳಿದ್ದೀರಾ?

ಉಪ್ಪಳದವ
ತೆಯ್ಯಂ ಚಿತ್ರ ಟೀ ಶರ್ಟಿನಿಂದ ಹಿಡಿದು ಹೋಮ್‌ಸ್ಟೇ ಬೋರ್ಡಿನವರೆಗೆ ಎಲ್ಲ ಕಡೆ ಇದೆ. ಪ್ರವಾಸೋದ್ಯಮದ ಜಾಹೀರಾತಿನಲ್ಲೂ ಇದೆ. ಇವರು ಮಾತ್ರ ಹಾಕಬಾರದು ಎಂದರೆ ಹೇಗೆ?

ಮುಟ್ಟಾಳೆ
ಬೇರೆಯವರು ಹಾಕಿದ್ದು ನಮಗೆ ಅನುಮತಿ ಆಗುವುದಿಲ್ಲ. ಮೇಲಾಗಿ ಎಲ್ಲ ಕಡೆ ಇರುವುದನ್ನು ಗುರುತಾಗಿ ಇಟ್ಟುಕೊಂಡರೆ ನಿಮ್ಮದು ಅಂತ ಯಾರಿಗೆ ಗೊತ್ತಾಗುತ್ತದೆ?

ಅಕ್ಷರ ಪ್ರೀತಿ
ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಕಿರೀಟಕ್ಕೂ ಅದೇ ಮಾತು. ತೆಂಕುತಿಟ್ಟಿನ ಕಿರೀಟ ನನಗೂ ಇಷ್ಟ. ಆದರೆ ಕ್ಯಾಟರಿಂಗ್, ಪ್ರಿಂಟಿಂಗ್, ಟ್ರಾವೆಲ್ಸ್ ಎಲ್ಲರೂ ಅದನ್ನೇ ಹಾಕಿಕೊಂಡಿದ್ದಾರೆ. ಅಷ್ಟೂ ಮಣಿ, ಅಷ್ಟೂ ಗೆರೆ ಒಂದು ಇಂಚಿನ ಸ್ಟಿಕ್ಕರಿನಲ್ಲಿ ಕಪ್ಪು ಮುದ್ದೆಯಾಗಿ ಕಾಣುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಪಕ್ಕದವರು ನೀವು. ಕಿರೀಟ ಹಾಕದೆಯೂ ಯಕ್ಷಗಾನದವರು ಎಂದು ತೋರಿಸಬಹುದು. ತೆಂಕಿನ ವೇಷದ ಬಣ್ಣಗಳಿಂದ ಎರಡೇ ಬಣ್ಣ ಆರಿಸಿ, ಅಥವಾ ಮುಖವರ್ಣಿಕೆಯ ಒಂದೇ ಒಂದು ಗೆರೆ ತೆಗೆದುಕೊಳ್ಳಿ.

ಹಳೆ ಹಂಚು
ನಾನೊಂದು ಹೇಳಲಾ? ನಮ್ಮ ಹಳೆಯ ಮನೆಗಳ ಹಂಚನ್ನು ತೆಗೆದು ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು, ಒಂದು ಸಣ್ಣ ಚಿತ್ರ, ಊರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಆನೆ, ನಕ್ಷತ್ರ, ಹೂವು, ಹೀಗೆ ಒಂದೊಂದಕ್ಕೆ ಒಂದೊಂದು ಗುರುತು ಇಟ್ಟರು. ಹಸಿ ಮಣ್ಣಿಗೆ ಒತ್ತಿದ ಅಚ್ಚು ಅದು. ಬಣ್ಣ ಇಲ್ಲ, ನೆರಳು ಇಲ್ಲ. ಮಳೆ ಬಿಸಿಲು ಎಲ್ಲ ಕಳೆದರೂ ಈಗಲೂ ಓದಬಹುದು. ಲೋಗೊ ಮಾಡುವವರಿಗೆ ನಾನು ಮೊದಲು ತೋರಿಸುವುದು ಅದನ್ನೇ. ಬೀಡಿ ಲೇಬಲ್ ಕೂಡಾ ನೋಡಿ, ಅಂಗೈಯಷ್ಟು ಕಾಗದದಲ್ಲಿ ಮೂರು ನಾಲ್ಕು ಲಿಪಿ ಹೇಗೆ ಕೂರಿಸುತ್ತಿದ್ದರು ಎಂದು ಗೊತ್ತಾಗುತ್ತದೆ.

ಉಪ್ಪಳದವ
ನಮ್ಮ ಅಜ್ಜನ ಮನೆಯ ಹಂಚಿನಲ್ಲಿ ಇದೆ! ಫೋಟೊ ತೆಗೆದು ಹಾಕುತ್ತೇನೆ.

ಪೆರ್ಲದಾಕೆ
ಹಂಚಿನ ವಿಚಾರ ಬಹಳ ಇಷ್ಟವಾಯಿತು. ದೈವದ ಮುಖದ ಬಗ್ಗೆ ನನಗೂ ಮೊದಲಿನಿಂದ ಅಳುಕಿತ್ತು, ಈಗ ಹೇಳಲು ಧೈರ್ಯ ಬಂತು. ಇನ್ನು ದುಡ್ಡಿನ ವಿಷಯ ಯಾರಾದರೂ ಹೇಳಿ.

ಚಂದ್ರಗಿರಿ ಡಿಸೈನ್ಸ್
ಹೇಳುತ್ತೇನೆ. ಐನೂರು ರೂಪಾಯಿಗೆ ಸಿಗುವುದು ಒಂದು ಚಿತ್ರ. ಸಿದ್ಧ ಟೆಂಪ್ಲೇಟಿನಲ್ಲಿ ಎಲೆ ಹಾಕಿ, ಹೆಸರು ಬದಲಿಸಿ ಕೊಡುತ್ತಾರೆ. ಜಾಸ್ತಿ ದರದಲ್ಲಿ ಏನಿರುತ್ತದೆ? ನಿಮ್ಮಲ್ಲಿಗೆ ಬಂದು ಕೂತು ಮಾತಾಡುವುದು, ಅಂಗಡಿಯಲ್ಲಿ ಪಕ್ಕದ ಪ್ಯಾಕೆಟ್ ಹೇಗಿದೆ ಎಂದು ನೋಡುವುದು, ಅಕ್ಷರ ಬರೆಯುವುದು, ಲೇಬಲ್, ಬೋರ್ಡು, ರಸೀದಿ, ಮೊಹರು ಎಲ್ಲದಕ್ಕೂ ಹೊಂದಿಸುವುದು, ಯಾವ ಬಣ್ಣ, ಎಷ್ಟು ಜಾಗ ಎಂದು ಬರೆದುಕೊಡುವುದು. ನಲವತ್ತು ಸಾವಿರ ನಿಮಗೆ ಈಗ ಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಐನೂರಕ್ಕೆ ಇದನ್ನೆಲ್ಲ ಕೇಳುವುದೂ ಸರಿಯಲ್ಲ. ಎಷ್ಟು ದುಡ್ಡು ಇದೆ ಎಂದು ಮೊದಲೇ ಹೇಳಿ. ಅಷ್ಟರಲ್ಲಿ ಏನು ಮಾಡಬಹುದು ಎಂದು ಕೇಳಿ. ಒಳ್ಳೆಯ ಡಿಸೈನರ್ ಕೆಲಸವನ್ನು ಚಿಕ್ಕದು ಮಾಡುತ್ತಾರೆ, ಕಳಪೆ ಮಾಡುವುದಿಲ್ಲ.

ಬೇಳದ ಹುಡುಗ
ದುಡ್ಡು ಯಾಕೆ ಸುಮ್ನೆ? ಕ್ಯಾನ್ವಾದಲ್ಲಿ ನಾವೇ ಮಾಡಬಹುದು. ಈಗ ಎಐ ಕೂಡಾ ಇದೆ.

ಚಂದ್ರಗಿರಿ ಡಿಸೈನ್ಸ್
ಮಾಡಬಹುದು. ಪೋಸ್ಟರಿಗೆ, ಆಮಂತ್ರಣಕ್ಕೆ ನಾನೂ ಬಳಸುತ್ತೇನೆ. ಲೋಗೊಗೆ ಬೇಡ. ಕ್ಯಾನ್ವಾದ ಟೆಂಪ್ಲೇಟ್, ಅಲ್ಲಿನ ಸಿದ್ಧ ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದು. ಅವುಗಳಿಂದ ಮಾಡಿದ ಲೋಗೊವನ್ನು ಟ್ರೇಡ್‌ಮಾರ್ಕ್ ಮಾಡಲು ಅವರ ಪರವಾನಗಿ ಬಿಡುವುದಿಲ್ಲ. ಎಐ ಬರೆಯುವ ಕನ್ನಡವನ್ನಂತೂ ಅಕ್ಷರ ಅಕ್ಷರ ಬಿಡಿಸಿ ನೋಡಬೇಕು. ದೂರದಿಂದ ಕನ್ನಡದ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಇಲ್ಲದ ಒತ್ತು, ಇಲ್ಲದ ಕೊಂಬು.

ಕೋರ್ಟು ಕಚೇರಿ
ಡಿಸೈನರಿಗೆ ದುಡ್ಡು ಕೊಟ್ಟ ಮಾತ್ರಕ್ಕೆ ಲೋಗೊ ನಿಮ್ಮದಾಯಿತು ಎಂದು ತಿಳಿಯಬೇಡಿ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ ಎಂದು ಲೆಕ್ಕ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಗಲ್ಫಿನ ಅಂಗಡಿಗಳಿಗೆ ಹಪ್ಪಳ ಕಳಿಸುವ ಯೋಚನೆ ಇದ್ದರೆ ಇದು ಮುಖ್ಯ. ‘ಹಕ್ಕಿನ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ, ಸಂಘದ ಹೆಸರಿಗೆ’ ಎಂದು ಒಂದು ಪುಟದ ಕರಾರು ಸಾಕು.

ಸಂಘದ ಹೆಸರಿಗೆ ಎಂಬುದನ್ನು ಮತ್ತೆ ಹೇಳುತ್ತೇನೆ. ಅಧ್ಯಕ್ಷರ ಹೆಸರಿಗೆ ಅಲ್ಲ, ಅವರ ಮಗನ ಹೆಸರಿಗೂ ಅಲ್ಲ. ಊರಿನ ಸಂಘ ಒಡೆಯುವಾಗ ಮೊದಲು ಜಗಳ ಬರುವುದು ಹೆಸರು ಯಾರದ್ದು ಎಂಬಲ್ಲಿ.

ಚಂದ್ರಗಿರಿ ಡಿಸೈನ್ಸ್
ಒಪ್ಪುತ್ತೇನೆ, ನಾನು ಹಾಗೆಯೇ ಬರೆದುಕೊಡುತ್ತೇನೆ. ಆದರೆ ಪೂರ್ತಿ ದುಡ್ಡು ಬಂದ ಮೇಲೆ. ಅದನ್ನೂ ಕರಾರಿನಲ್ಲಿ ಸೇರಿಸಿ.

ಮಂಜೇಶ್ವರ ಮಳೆ
ಹೆಸರಿನ ಜಗಳ ಎಂದಾಗ ನಮ್ಮ ಎರಡು ಬಸ್ಸು ನೆನಪಾಯಿತು. ಕಾಸರಗೋಡು ಮಂಗಳೂರು ದಾರಿಯಲ್ಲಿ ಓಡುವ ಎರಡೂ ಕೆಎಸ್‌ಆರ್‌ಟಿಸಿ. 2021ರಲ್ಲಿ ಕೋರ್ಟು ಆ ಹೆಸರು ಕೇರಳಕ್ಕೆ ಎಂದು ಕೊಟ್ಟಿತಲ್ವಾ?

ಕೋರ್ಟು ಕಚೇರಿ
ಕೋರ್ಟು ಅಲ್ಲ. 2021ರ ಸುದ್ದಿ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಗೆ ಸಂಬಂಧಿಸಿದ್ದು. ಕರ್ನಾಟಕ ಅದನ್ನು ಒಪ್ಪಲಿಲ್ಲ. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ಕರ್ನಾಟಕವೂ ಆ ಹೆಸರನ್ನು ಬಳಸುತ್ತಲೇ ಇದೆ. ಎರಡು ಸರ್ಕಾರಿ ನಿಗಮಗಳೇ ನಾಲ್ಕಕ್ಷರಕ್ಕೆ ಅಷ್ಟು ವರ್ಷ ಓಡಾಡಿದವು. ಗಡಿಯ ಎರಡೂ ಬದಿ ಮಾರುವವರು ಹೆಸರನ್ನು ಮೊದಲೇ ಹುಡುಕಿ ನೋಡಬೇಕು. ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಹುಡುಕುವುದಕ್ಕೆ ದುಡ್ಡು ಇಲ್ಲ.

ಮಂಜೇಶ್ವರ ಮಳೆ
ಐದಕ್ಷರ ಅಲ್ವಾ? ಕೆ, ಎಸ್, ಆರ್, ಟಿ, ಸಿ.

ಕೋರ್ಟು ಕಚೇರಿ
ಹೌದು, ಐದು. ಸರಿಯಾಗಿ ಹಿಡಿದಿರಿ.

ಬೇಳದ ಹುಡುಗ
‘ಕಾಸರಗೋಡು ಹಪ್ಪಳ’ ಎಂದೇ ಇಟ್ಟರೆ? ಕಾಸರಗೋಡು ಸೀರೆ ಎಂದು ಇದೆಯಲ್ಲ.

ಕೋರ್ಟು ಕಚೇರಿ
ಆ ಎರಡು ಬೇರೆ ದಾರಿ. ಕಾಸರಗೋಡು ಸೀರೆಗೆ ಇರುವುದು ಭೌಗೋಳಿಕ ಗುರುತು, ಜಿಐ. ಅದು ಒಬ್ಬರ ಸೊತ್ತಲ್ಲ. ಅಲ್ಲಿ ನೇಯುವವರು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಟ್ರೇಡ್‌ಮಾರ್ಕಿನಲ್ಲಿ ಊರ ಹೆಸರು ಮತ್ತು ಸರಕಿನ ಹೆಸರು ಮಾತ್ರ ಸೇರಿಸಿ ತಂದರೆ 1999ರ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ಎಲ್ಲರಿಗೂ ಬೇಕಾದ ಪದವನ್ನು ಒಬ್ಬರಿಗೆ ಕಟ್ಟಿಕೊಡುವುದಿಲ್ಲ.

ಅರ್ಜಿ ಶುಲ್ಕ ವರ್ಗಕ್ಕೊಂದು. ಆನ್‌ಲೈನಿನಲ್ಲಿ ವ್ಯಕ್ತಿಗೆ, ಸ್ಟಾರ್ಟಪ್ಪಿಗೆ, ಸಣ್ಣ ಉದ್ಯಮಕ್ಕೆ 4500 ರೂಪಾಯಿ, ಉಳಿದವರಿಗೆ 9000. ಸರಕು, ಸೇವೆ ಸೇರಿ 45 ವರ್ಗಗಳಿವೆ. ಶರಬತ್ತು 32ರಲ್ಲಿ, ಯಕ್ಷಗಾನ ತರಗತಿ 41ರಲ್ಲಿ ಬರುತ್ತದೆ. ನಾಳೆ ಕೊಬ್ಬರಿ ಎಣ್ಣೆ ಮಾಡಿದರೆ ಅಡುಗೆಯದ್ದು 29, ತಲೆಗೆ ಹಚ್ಚುವುದು 3. ಎಲ್ಲದಕ್ಕೂ ಒಟ್ಟಿಗೆ ಹಾಕಬೇಡಿ, ಯಾವುದು ಜಾಸ್ತಿ ಮಾರುತ್ತದೋ ಅದರಿಂದ ಶುರು ಮಾಡಿ. ನೋಂದಣಿ ಆದರೆ 10 ವರ್ಷ, ಮತ್ತೆ ನವೀಕರಿಸಬಹುದು. ವೃತ್ತದೊಳಗಿನ ಆರ್ ಚಿಹ್ನೆ ನೋಂದಣಿ ಆದ ಮೇಲೆ ಮಾತ್ರ, ಅಲ್ಲಿಯವರೆಗೆ ಟಿಎಂ. ಕನ್ನಡ ಅಕ್ಷರದ ಗುರುತಿಗೂ ಅರ್ಜಿ ಹಾಕಬಹುದು, ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದುಕೊಡಬೇಕು. ಅರ್ಜಿ ಹಾಕುವವರೆಗೆ ಹೆಸರನ್ನು ಇಲ್ಲಿ ಬರೆಯಬೇಡಿ.

ಪೆರ್ಲದಾಕೆ
ಸರಿ, ಹೆಸರು ಹೇಳುವುದಿಲ್ಲ. ಹಪ್ಪಳಕ್ಕೂ ಯಕ್ಷಗಾನ ತರಗತಿಗೂ ಒಂದೇ ಲೋಗೊ ಸಾಧ್ಯವಾ?

ಕೆಂಪು ಕೊಡೆ
ಸಾಧ್ಯ. ದಿನೇಶ್ ನೋಡಿ. ಮಂಗಳೂರಿನ ಬೀಡಿ ಕಂಪೆನಿಗಳು ಕೇರಳದ ಕೆಲಸ ನಿಲ್ಲಿಸಿದಾಗ ಸಾವಿರಾರು ಜನ ಬೀದಿಗೆ ಬಿದ್ದರು. ಅವರೇ ಸೇರಿ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಬೀಡಿ ಸೇದುವವರು ಕಡಿಮೆಯಾದಾಗ ಸಂಘ ಮುಚ್ಚಲಿಲ್ಲ. ದಿನೇಶ್ ಕೊಡೆ ಬಂತು, ದಿನೇಶ್ ತಿಂಡಿ ಬಂತು, ಬಟ್ಟೆ ಬಂತು. ಹೆಸರಿಗೆ ಜನರ ನಂಬಿಕೆ ಇತ್ತು. ಹಾಗಾಗಿ ಹೆಸರಿನೊಳಗೆ ಹಪ್ಪಳ ಎಂಬ ಪದವನ್ನು ಕಟ್ಟಿಹಾಕಬೇಡಿ. ಹಲಸಿನ ಚಿತ್ರವನ್ನೂ ಲೋಗೊದೊಳಗೆ ಹಾಕಬೇಡಿ, ಅದು ಲೇಬಲ್ಲಿನಲ್ಲಿ ಬರಲಿ.

ತಾಳಮದ್ದಳೆ
ನನಗೆ ಒಪ್ಪಿಗೆ ಇಲ್ಲ. ಹಪ್ಪಳದ ಲೋಗೊ ರಂಗಸ್ಥಳದ ಹಿಂದಿನ ಪರದೆಯಲ್ಲಿ ಬಂದರೆ ಮಕ್ಕಳ ಮೇಳ ಜಾಹೀರಾತಿನ ಮೇಳ ಆಗುತ್ತದೆ. ಕಾಸರಗೋಡಿನ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವನ್ನು ನೋಡಿ. ಅವರಿಗೆ ಹೆಸರು ಬಂದದ್ದು ಬೊಂಬೆಯಿಂದ, ಆಟದಿಂದ. ಕಲೆಗೆ ತನ್ನದೇ ಮುಖ ಬೇಕು.

ಕೆಂಪು ಕೊಡೆ
ಮುಖ ಬೇರೆ ಇರಲಿ, ಮನೆ ಒಂದೇ ಅಲ್ವಾ? ಸಾಗರದ ಹತ್ತಿರದ ಚರಕ ಸಂಘದ ಹೆಂಗಸರು ನೇಯ್ದ ಬಟ್ಟೆ ದೇಸಿ ಎಂಬ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಮಾಡುವವರ ಹೆಸರು ಒಂದು, ಮಾರುವ ಹೆಸರು ಇನ್ನೊಂದು. ಎರಡೂ ಒಂದಕ್ಕೊಂದು ಗೊತ್ತಿವೆ.

ಅಕ್ಷರ ಪ್ರೀತಿ
ನಡುವಿನ ದಾರಿ ಇದೆ. ಒಂದೇ ಕೈಯಲ್ಲಿ ಬರೆದ ಅಕ್ಷರ, ಒಂದೇ ಬಣ್ಣ. ಅದರ ಕೆಳಗೆ ಒಂದು ಕಡೆ ‘ತಿಂಡಿ’, ಒಂದು ಕಡೆ ‘ಮಕ್ಕಳ ಮೇಳ’, ಒಂದು ಕಡೆ ‘ಪುಸ್ತಕ ಕೋಣೆ’ ಎಂದು ಬರಲಿ. ಪರದೆಯ ಮೇಲೆ ಮೇಳದ ಹೆಸರು ಮಾತ್ರ ಇರಲಿ. ನೋಡಿದವರಿಗೆ ಅಕ್ಷರದಿಂದಲೇ ಗುರುತು ಸಿಗುತ್ತದೆ. ಚಿತ್ರವೇ ಇಲ್ಲದೆ ಬರೇ ಅಕ್ಷರ ಲೋಗೊ ಆಗಬಹುದು, ಇದನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ.

ತುಳುವಪ್ಪೆ
ಎಲ್ಲರೂ ಕನ್ನಡ ಮಲಯಾಳ ಎಂದು ಹೇಳುತ್ತಿದ್ದೀರಿ. ಹಪ್ಪಳ ಲಟ್ಟಿಸುವ ಕೈಗಳಲ್ಲಿ ತುಳು ಮಾತಾಡುವವರೇ ಜಾಸ್ತಿ ಇರಬಹುದು. ತುಳು ಲಿಪಿಯಲ್ಲಿ ಒಂದು ಅಕ್ಷರವನ್ನು ಗುರುತಾಗಿ ಇಡಿ.

ಹೊಸದುರ್ಗ ಪೇಟೆ
ತುಳು ಲಿಪಿ ನೋಡಿದರೆ ಇಲ್ಲಿನವರು ತಪ್ಪಾಗಿ ಬರೆದ ಮಲಯಾಳ ಎಂದುಕೊಳ್ಳುತ್ತಾರೆ. ಎರಡೂ ಒಂದೇ ಬೇರಿನವು.

ಅಕ್ಷರ ಪ್ರೀತಿ
2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಸೇರಿದೆ, ಅದು ನಮಗೆಲ್ಲ ಹೆಮ್ಮೆ. ಗುರುತಾಗಿ ಬರೆದು ಹಾಕುವುದಕ್ಕೆ ಅಡ್ಡಿ ಇಲ್ಲ. ಆದರೆ ಓದುವವರು ಇನ್ನೂ ಕಡಿಮೆ. ಹೆಸರನ್ನು ಪೂರ್ತಿ ಅದರಲ್ಲಿ ಬರೆಯಬೇಡಿ.

ತುಳುವಪ್ಪೆ
ಬರೆಯದೆ ಓದುವವರು ಹೇಗೆ ಹುಟ್ಟುತ್ತಾರೆ? ಪುಸ್ತಕದ ಕೋಣೆಯ ಬಾಗಿಲಲ್ಲಾದರೂ ಹಾಕಿ. ಅಲ್ಲಿ ಯಾರೂ ಹಪ್ಪಳ ಕೊಳ್ಳಲು ಬರುವುದಿಲ್ಲ, ಮಕ್ಕಳು ಕಲಿಯಲು ಬರುತ್ತಾರೆ.

ಅಕ್ಷರ ಪ್ರೀತಿ
ಅದು ಒಳ್ಳೆಯ ಮಾತು. ಒಪ್ಪಿದೆ.

ಗಡಿನಾಡಿಗ
ವಿಷಯ ಬೇರೆ. ಈ ಸಲ ನಿಮ್ಮ ಕಡೆ ಪುನರ್ಪುಳಿ ಹೇಗಿದೆ? ನಮ್ಮಲ್ಲಿ ಮಳೆ ಬೇಗ ಬಂದು ಅರ್ಧ ಹಣ್ಣು ಬಿದ್ದು ಕೊಳೆಯಿತು.

ಪೆರ್ಲದಾಕೆ
ಇಲ್ಲೂ ಹಾಗೆಯೇ. ಸಿಪ್ಪೆ ಒಣಗಿಸಲು ಬಿಸಿಲು ಸಾಕಾಗಲಿಲ್ಲ, ಡ್ರೈಯರಿನಲ್ಲಿ ಹಾಕಿದೆವು.

ಪ್ರೆಸ್ಸಿನವ
ಮಳೆ ಎಂದ ಕೂಡಲೇ ನೆನಪಾಯಿತು. ಪ್ರಿಂಟಾದ ಪೌಚೇ ಬೇಕು ಎಂದು ಹಟ ಹಿಡಿಯಬೇಡಿ. ಗ್ರಾವೂರ್ ಮುದ್ರಣಕ್ಕೆ ಬಣ್ಣಕ್ಕೊಂದು ಸಿಲಿಂಡರ್ ಕೆತ್ತಿಸಬೇಕು, ಖರ್ಚು ಜಾಸ್ತಿ, ರಾಶಿಗಟ್ಟಲೆ ತೆಗೆದುಕೊಳ್ಳಬೇಕು. ಆಮೇಲೆ ಬೆಲೆ ಬದಲಾದರೆ ಅಷ್ಟೂ ದಂಡ. ಸಾದಾ ಪೌಚಿಗೆ ಸ್ಟಿಕ್ಕರ್ ಅಂಟಿಸಿ. ಸ್ಟಿಕ್ಕರಿಗೆ ಲ್ಯಾಮಿನೇಶನ್ ಇರಲಿ, ಇಲ್ಲದಿದ್ದರೆ ಆಟಿ ತಿಂಗಳ ಮಳೆಗೆ ಶಾಯಿ ಕದಡುತ್ತದೆ. ದಿನಾಂಕ ಮತ್ತು ಬೆಲೆಯ ಜಾಗ ಖಾಲಿ ಬಿಟ್ಟು ಮೊಹರು ಒತ್ತಿ. ಒಂದೇ ಸ್ಟಿಕ್ಕರ್ ಹಪ್ಪಳಕ್ಕೂ ಮಾಂಬಳಕ್ಕೂ ಆಗಲಿ ಎಂದು ಪದಾರ್ಥದ ಪಟ್ಟಿ ಬಿಡಬೇಡಿ. ಮುಂದಿನ ಸ್ಟಿಕ್ಕರ್ ಎಲ್ಲದಕ್ಕೂ ಒಂದೇ ಇರಲಿ, ಹಿಂದಿನದ್ದು ಬೇರೆ ಬೇರೆ.

ಹಳೆ ಹಂಚು
ಅಕ್ಷರ ಯಾರು ಬರೆಯುವುದು? ನನ್ನ ಸಲಹೆ, ಬೋರ್ಡು ಬರೆಯುವ ಹಿರಿಯರೊಬ್ಬರನ್ನು ಹಿಡಿಯಿರಿ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆ. ಕನ್ನಡವನ್ನೂ ಮಲಯಾಳವನ್ನೂ ಒಂದೇ ಬ್ರಶ್ಶಿನಲ್ಲಿ, ಒಂದೇ ದಪ್ಪದಲ್ಲಿ ಬರೆದು ಅಭ್ಯಾಸ ಇರುವವರು ಅವರು. ಆ ಕೌಶಲ ಬೇರೆ ಊರಲ್ಲಿ ಸಿಗುವುದು ಕಷ್ಟ. ದೊಡ್ಡ ಕಾಗದದಲ್ಲಿ ಬರೆಸಿ, ಸ್ಕ್ಯಾನ್ ಮಾಡಿಸಿ, ಡಿಸೈನರ್ ಅದರ ಗೆರೆ ಹಿಡಿದು ಫೈಲು ಮಾಡಲಿ. ಇಬ್ಬರಿಗೂ ದುಡ್ಡು ಕೊಡಿ, ಇಬ್ಬರಿಂದಲೂ ಕರಾರು ಬರೆಸಿಕೊಳ್ಳಿ.

ಚಂದ್ರಗಿರಿ ಡಿಸೈನ್ಸ್
ಹೀಗೆ ಮಾಡುವುದಾದರೆ ನಾನು ಖುಷಿಯಿಂದ ಕೈಜೋಡಿಸುತ್ತೇನೆ.

ಪೆರ್ಲದಾಕೆ
ಇಲ್ಲಿ ಬಂದದ್ದನ್ನೆಲ್ಲ ಹಪ್ಪಳ ಒತ್ತುವಾಗ ಓದಿ ಹೇಳಿದೆ. ಜಗಳ ಪೂರ್ತಿ ನಿಂತಿಲ್ಲ, ಆದರೆ ಕೆಲವು ತೀರ್ಮಾನ ಆಯಿತು. ದೈವದ ಮುಖ, ಕಿರೀಟ ಎರಡೂ ಇಲ್ಲ. ಕನ್ನಡದ ಅಕ್ಷರವನ್ನೇ ಮೊದಲು ಬರೆಸುತ್ತೇವೆ, ಅದೇ ಲೋಗೊ. ಮಲಯಾಳ ಅದರ ಕೆಳಗೆ ಅದೇ ಕೈಯಲ್ಲಿ. ಒಳಗೆ ಏನಿದೆ ಎಂಬುದು ಮಾತ್ರ ಎರಡೂ ಭಾಷೆಯಲ್ಲಿ ಒಂದೇ ಗಾತ್ರ. ಕಾಞಂಗಾಡಿಗೂ ಮಂಗಳೂರಿಗೂ ಒಂದೇ ಲೇಬಲ್ ಹೋಗುತ್ತದೆ, ಬೇರೆ ಬೇರೆ ಮಾಡುವುದಿಲ್ಲ. ಇದನ್ನು ನಮ್ಮಲ್ಲಿ ಮಲಯಾಳ ಬೇಕು ಎಂದವರೇ ಹೇಳಿದ್ದು. ಬೋರ್ಡು ಬರೆಯುವವರೊಬ್ಬರು ಕುಂಬಳೆಯಲ್ಲಿದ್ದಾರೆ, ಬರುತ್ತೇನೆ ಎಂದಿದ್ದಾರೆ. ಮೊದಲಿಗೆ ಪುಸ್ತಕದ ಕೋಣೆಗೆ ರಬ್ಬರ್ ಮೊಹರು ಮಾಡಿಸಿ ನೋಡುವ ಯೋಚನೆ. ಸರಿಯಾ?

ಗಡಿನಾಡಿಗ
ಮಲಯಾಳ ಅಷ್ಟು ಹತ್ತಿರ ಬರುವುದು ನನಗೆ ಈಗಲೂ ಪೂರ್ತಿ ಹಿಡಿಸಿಲ್ಲ. ಆದರೆ ಕನ್ನಡದಿಂದ ಶುರು ಎಂದಿರಲ್ಲ, ಅದು ಸಾಕು. ಮೊದಲ ಮಾಲು ಬಂದಾಗ ಹೇಳಿ, ಹತ್ತು ಕಟ್ಟು ನನಗೆ.

ಪ್ರೆಸ್ಸಿನವ
ಮೊಹರು ಒಳ್ಳೆಯ ಯೋಚನೆ, ಖರ್ಚೂ ಕಡಿಮೆ. ಒತ್ತಕ್ಷರಕ್ಕೂ ಮೇಲಿನ ಅಕ್ಷರಕ್ಕೂ ನಡುವಿನ ಸಂದು ಸ್ವಲ್ಪ ಅಗಲ ಇಡಲು ಹೇಳಿ, ಶಾಯಿ ಹರಡಿದರೆ ಮುಚ್ಚಿಹೋಗುತ್ತದೆ. ಒಂದು ಇಂಚಿಗಿಂತ ಚಿಕ್ಕದು ಬೇಡ. ಮೊದಲು ಪುಸ್ತಕಕ್ಕೆ ಒತ್ತಬೇಡಿ, ಹಳೆಯ ಪೇಪರಿನ ಮೇಲೆ ಒತ್ತಿ ಫೋಟೊ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.